ಕೈ ಮೇಲೆ ಕೈ

ಹೊಳೆಗೆ ಈಚೆ ಒಂದು ರಾಜ್ಯ, ಆಚೆ ಒಂದು ರಾಜ್ಯ. ನಡುಗಡ್ಡೆಯಲ್ಲಿ ಸಾಂತಯ್ಯ ಗುರುಗಳ ಆಶ್ರಮ.

ಈಚೆ ರಾಜ್ಯದ ಮಂತ್ರಿ ಮಲ್ಲರಸ ದೋಣಿ ಇಳಿದಾಗ ಊಟದ ಹೊತ್ತು. ಹುಡುಗನಾಗಿದ್ದಾಗ ಇಲ್ಲೇ ಓದಿದವನು. ಅಂಗಳದ ಚಪ್ಪಟೆ ಬಂಡೆ ಕಂಡದ್ದೇ ಹೋಗಿ ಅದನ್ನು ಸವರಿದ. ಅವನೂ ಗೆಳೆಯ ಬೊಮ್ಮಣ್ಣನೂ ಆ ಬಂಡೆ ಮೇಲೇ ಅಲ್ಲವೇ ಬೆಳೆದದ್ದು! ಒಂದೇ ಕಂಬಳಿ ಹೊದ್ದು ಮಲಗುತ್ತಿದ್ದರು. ಒಬ್ಬನಿಗೆ ಬೈದರೆ ಇಬ್ಬರೂ ಅಳುತ್ತಿದ್ದರು.

ಈಗ ಬೊಮ್ಮಣ್ಣ ಆಚೆ ರಾಜ್ಯದ ಮಂತ್ರಿ. ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ.

ಗುರುಗಳು ಒಲೆ ಮುಂದೆ ಗಂಜಿ ಬಸಿಯುತ್ತಿದ್ದರು.

"ಬಾರೋ ಮಲ್ಲ. ಏನು, ದಾರಿ ತಪ್ಪಿ ಬಂದೆಯಾ?"

ಮಲ್ಲರಸ ಕಾಲಿಗೆ ಬಿದ್ದ. ಬೆರಳಿನ ಮುದ್ರೆಯುಂಗುರ ತೆಗೆದು ಮುಂದೆ ಹಿಡಿದ.

"ಇದನ್ನೊಮ್ಮೆ ಮುಟ್ಟಿ ಹರಸಿ, ಅಯ್ಯ. ತೋಪು, ಫಿರಂಗಿ ಮಾರೋ ವ್ಯಾಪಾರಿ ದೋಣಿಯಲ್ಲಿ ಕಾಯ್ತಿದ್ದಾನೆ. ಕರಾರಿಗೆ ಮುದ್ರೆ ಒತ್ತಬೇಕು."

"ಎಷ್ಟು ಕೊಳ್ತೀಯ?"

"ಬೊಮ್ಮಣ್ಣನ ಹತ್ತಿರ ಇರೋದನ್ನ ಮೀರಿಸೋವಷ್ಟು."

"ದುಡ್ಡು?"

ಮಲ್ಲರಸ ತಲೆ ತಗ್ಗಿಸಿದ. "ಕೆರೆ ಏರಿಗೆ ಅಂತ ಎತ್ತಿಟ್ಟಿದ್ದದ್ದು. ಏರಿ ಬಿರುಕು ಬಿಟ್ಟಿದೆ. ಈ ಮಳೆಗಾಲ ಹೇಗೋ ತಡೆದೀತು."

"ಆ ಏರಿ ಕೆಳಗೆ ನಿನ್ನ ತಾಯಿಯ ಊರಲ್ಲವೇನೋ?"

"ಹೌದು, ಅಯ್ಯ."

"ಸರಿ. ನೀನು ಕೊಂಡರೆ ಬೊಮ್ಮಣ್ಣ ಸುಮ್ಮನಿರ್ತಾನಾ?"

"ಎಲ್ಲಿಂದ! ಇನ್ನಷ್ಟು ಕೊಳ್ತಾನೆ. ಇದೇ ವ್ಯಾಪಾರಿ ಹತ್ತಿರ."

"ಅಲಲಾ! ಇಬ್ಬರಿಗೂ ಇವನೇ ಮಾರೋದಾ?"

"ವ್ಯಾಪಾರಿ ಅಲ್ಲವೇ ಅಯ್ಯ. ಅವನಿಗೆ ಎರಡು ದಡವೂ ಒಂದೇ."

ಗುರುಗಳು ಅನ್ನದ ಮಡಕೆ ಮುಚ್ಚಿ ಬಂದರು. ಬಂಡೆ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈ ಊರಿದರು.

"ಇಡು ಕೈ."

ಮಲ್ಲರಸನಿಗೆ ನಗು ಬಂತು. ಕೈ ಮೇಲೆ ಕೈ ಇಡುವ ಆಟ! ಅಡಿಯ ಕೈ ಎಳೆದು ಮೇಲಿಡಬೇಕು. ಆಗ ಯಾರದು ಅಡಿಗೆ ಬಿತ್ತೋ ಅವರದು ಮೇಲೆ. ಮೇಲಿಡಲು ಕೈ ಎಟುಕದವರು ಸೋತಂತೆ. ಊಟಕ್ಕೆ ಕರೆಯುವವರೆಗೂ ಅವನೂ ಬೊಮ್ಮಣ್ಣನೂ ದಿನಾ ಆಡುತ್ತಿದ್ದದ್ದು ಇದನ್ನೇ.

ಕೈಗಳು ಬಂಡೆ ಬಿಟ್ಟು ಎದೆಮಟ್ಟಕ್ಕೆ ಬಂದವು. ಗುರುಗಳು ನರಳುತ್ತ ಎದ್ದು ನಿಂತರು. ಕೈಗಳು ನೆತ್ತಿ ದಾಟಿದವು. ಗುರುಗಳು ತುದಿಗಾಲಲ್ಲಿ ನಿಂತರು. ಮಂತ್ರಿಯ ರುಮಾಲು ಜಾರಿ ಬಿತ್ತು, ಅವನಿಗೆ ಅದರ ಪರಿವೆಯೇ ಇಲ್ಲ. ಮುದುಕರ ಮಂಡಿ ನಡುಗುವುದು ಕಾಣುತ್ತಿತ್ತು. ಆದರೂ ಮಂತ್ರಿ ಪುಣ್ಯಾತ್ಮ ಬಿಡಲಿಲ್ಲ. ಕೊನೆಗೆ ಗುರುಗಳ ಕೈ ಎಟುಕಲಿಲ್ಲ.

"ಗೆದ್ದೆ!" ಎಂದು ಕೂಗಿದ. ಕೂಗಿದ ಮೇಲೆ ನಾಚಿಕೆಯಾಯಿತು.

ಗುರುಗಳು ಬಂಡೆ ಮೇಲೆ ಕೂತು ಏದುಸಿರು ಬಿಟ್ಟರು.

"ಆಗೆಲ್ಲ ಯಾರು ಸೋಲ್ತಿದ್ದರು?"

"ಬೊಮ್ಮ. ದಿನಾ ಅವನೇ."

"ಅವನು ನಿನಗಿಂತ ಒಂದು ಗೇಣು ಎತ್ತರ ಇದ್ದ."

ಮಲ್ಲರಸ ಬೆಪ್ಪಾಗಿ ನಿಂತ. ಹೌದಲ್ಲ! ಮೇಲಿನ ಹಲಗೆಗೆ ಕೈ ಹಾಕಿ ಬೆಲ್ಲ ಕದ್ದು ಕೊಡುತ್ತಿದ್ದವನು ಬೊಮ್ಮನೇ. ತನ್ನ ಕೈಗೆ ಆ ಹಲಗೆ ಎಂದೂ ಎಟುಕಿದ್ದಿಲ್ಲ.

"ಮತ್ತೆ ಯಾಕೆ ಸೋಲ್ತಿದ್ದ, ಅಯ್ಯ?"

"ಗೆಲ್ಲದೆ ನೀನು ಎಲೆ ಮುಂದೆ ಕೂರ್ತಿರಲಿಲ್ಲವಲ್ಲೋ. ನಿನಗೆ ಬಡಿಸಿದ್ದು ಆರಿಹೋಗುತ್ತೆ ಅಂತ ಅವನೇ ಕೈ ಇಳಿಸ್ತಿದ್ದ."

ಮಲ್ಲರಸನಿಗೆ ಅಳು ಬಂತು. ಎಷ್ಟು ಒಳ್ಳೆಯ ದಿನಗಳವು, ಒಂದನ್ನೂ ಸರಿಯಾಗಿ ನೋಡಲೇ ಇಲ್ಲವಲ್ಲ ಎಂದುಕೊಂಡು ಕಣ್ಣೊರೆಸಿಕೊಂಡ.

"ಈಗ ನಾನು ಕೈ ಇಳಿಸಿದೆ ಅಂತಿಟ್ಟುಕೊಳ್ಳಿ. ಹೆದರಿದ ಅಂತ ಅವನು ದಂಡೆತ್ತಿ ಬಂದರೆ?"

ಗುರುಗಳು ಬಂಡೆಯಿಂದ ಎದ್ದರು. ಒಳಗೆ ಹೋಗಿ ಮುತ್ತುಗದೆಲೆಯಲ್ಲಿ ಇಬ್ಬರಿಗಾಗುವಷ್ಟು ಬಿಸಿ ಅನ್ನ ಕಟ್ಟಿ ತಂದು ಅವನ ಕೈಗಿಟ್ಟರು.

ಹೊಳೆಯ ಕಡೆಯಿಂದ ವ್ಯಾಪಾರಿ ಕೂಗಿದ. "ಸ್ವಾಮೀ, ಹೊತ್ತಾಯ್ತು! ನಾನು ಆಚೆ ದಡಕ್ಕೂ ಹೋಗಬೇಕು!"

ಮಲ್ಲರಸ ಉಂಗುರವನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡ.

"ತಡಿಯಪ್ಪ, ನಾನೂ ಬರ್ತೀನಿ ಆಚೆ ದಡಕ್ಕೆ," ಎಂದ. ಎಂದನೇ ಹೊರತು ಕಾಲು ಕೀಳಲಿಲ್ಲ. ಬೊಮ್ಮ ಮುಖ ತಿರುಗಿಸಿಬಿಟ್ಟರೆ? ಅನ್ನದ ಕಟ್ಟು ಅಂಗೈ ಸುಡುತ್ತಿತ್ತು.

ಗುರುಗಳು ಗದರಿದರು. "ಇನ್ನೂ ನಿಂತೇ ಇದ್ದೀಯಲ್ಲೋ! ಓಡು, ಅನ್ನ ಆರುತ್ತೆ."