ಬೆನ್ನಿಗೆ ಬೆನ್ನು ಹಾಕಿ ಗಾಳ ಹಿಡಿದವರು

"ಗುರುಗಳೇ, ಇಬ್ಬರು ಸ್ನೇಹಿತರು ಮಾತು ಬಿಟ್ಟರೆ ಮೊದಲು ಮಾತನಾಡಿಸಬೇಕಾದವನು ಯಾರು? ತಪ್ಪು ಮಾಡಿದವನೋ, ಏನೂ ತಪ್ಪು ಮಾಡದವನೋ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಅವನು ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಅವನ ಮನಸ್ಸಿನಲ್ಲಿದ್ದವನು ಪಂಚಾಕ್ಷರಿ. ಮಠದಲ್ಲಿ ಇಬ್ಬರಿಗೂ ಒಂದೇ ಕೋಣೆ. ಕೆಲವು ದಿನಗಳಿಂದ ಆ ಕೋಣೆಯಲ್ಲಿ ಚಾಪೆ ಬಿಚ್ಚುವ ಸದ್ದು, ಚಾಪೆ ಸುತ್ತುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಾನು ಏನೂ ತಪ್ಪು ಮಾಡಿಲ್ಲ ಎಂಬುದರಲ್ಲಿ ಮರುಳಯ್ಯನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಗುರುಗಳು ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ, "ಕೂತುಕೋ. ಕಡಲ ತೀರದ ಊರಿನ ಒಂದು ಸಂಗತಿ ಹೇಳುತ್ತೇನೆ. ಮೀನಿನ ಕತೆಯೆಂದು ಮೂಗು ಮುರಿಯಬೇಡ, ಕೇಳಿದ ಮಾತ್ರಕ್ಕೆ ಮಠದ ಮಡಿ ಕೆಡುವುದಿಲ್ಲ" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೊಬ್ಬ ಬಡಗಿ ಸ್ನೇಹಿತ. ಅಂತಿಂಥ ಸ್ನೇಹವಲ್ಲ. ಒಬ್ಬನ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಬ್ಬ ಕೈ ತೊಳೆದುಕೊಂಡು ಬರುತ್ತಾನೆ ಎಂದು ಊರವರು ನಗುತ್ತಿದ್ದರು. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಬರುವ ಮೊದಲ ಅಮಾವಾಸ್ಯೆಯಂದು ಗಾಣಕ್ಕೂ ರಜೆ, ಉಳಿಗೂ ರಜೆ. ಇಬ್ಬರೂ ಹಳೆಯ ಧಕ್ಕೆಗೆ ಹೋಗಿ ಗಾಳ ಹಾಕುವುದು ಅವರ ವಾಡಿಕೆ. ದೋಣಿ ಕಟ್ಟುವವರು ಬಿಟ್ಟುಹೋದ ಧಕ್ಕೆ ಅದು. ಕಡಲೊಳಕ್ಕೆ ಚಾಚಿದ ಕಿರಿದಾದ ಹಲಗೆಯ ಹಾಸು, ಕೆಳಗೆ ಮರದ ಕಂಬಗಳು, ಕಂಬಗಳ ನಡುವೆ ಓಡುವ ನೀರು. ಇಬ್ಬರೂ ಒಂದೇ ಅಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಸಂಜೆ ಬರುವಾಗ ಬುಟ್ಟಿಯಲ್ಲಿ ಮೀನು ಅಷ್ಟಕ್ಕಷ್ಟೇ, ಹೊಟ್ಟೆ ಹುಣ್ಣಾಗುವಷ್ಟು ನಗು ಮಾತ್ರ ಇರುತ್ತಿತ್ತು.

ಒಂದು ಬೇಸಿಗೆಯಲ್ಲಿ ಗಾಣಿಗನ ಮಗಳ ಮದುವೆಯಾಯಿತು. ಬಡಗಿ ಒಳ್ಳೆಯ ಹಲಸಿನ ಹಲಗೆ ಆರಿಸಿ, ತಾನೇ ಹಸೆಮಣೆ ಮಾಡಿ, ಮದುವೆಗೆ ಮುಂಚೆಯೇ ಕಳುಹಿಸಿಕೊಟ್ಟ. ವಧೂವರರು ಆ ಮಣೆಯ ಮೇಲೆಯೇ ಕುಳಿತರು. ಆದರೆ ಬಡಗಿ ಮದುವೆಗೆ ಬರಲಿಲ್ಲ. ಗಾಣಿಗ ಧಾರೆ ಎರೆಯುವಾಗಲೂ ಚಪ್ಪರದ ಬಾಗಿಲನ್ನೇ ನೋಡುತ್ತಿದ್ದ. "ಯಜಮಾನರೇ, ಸ್ವಲ್ಪ ಇತ್ತ ಗಮನ ಕೊಡಿ" ಎಂದು ಪುರೋಹಿತರು ಹೇಳಬೇಕಾಯಿತು. ಮದುಮಗಳು ಗಂಡನ ಮನೆಗೆ ಹೊರಟಳು, ಚಪ್ಪರ ಬಿಚ್ಚಿದರು, ಬಡಗಿಯ ಸುಳಿವಿಲ್ಲ.

ಗಾಣಿಗನಿಗೆ ತುಂಬ ನೋವಾಯಿತು. ಮಣೆ ಕಳಿಸಿ ಕೈ ತೊಳೆದುಕೊಂಡನಲ್ಲ, ನಾನೇನು ಅವನ ಗಿರಾಕಿಯೇ ಎಂದುಕೊಂಡ. ಗಾಣದ ಎತ್ತಿನಂತೆ ಅವನ ಮನಸ್ಸು ಮಳೆಗಾಲವಿಡೀ ಅದನ್ನೇ ಸುತ್ತಿತು. ದಾರಿಯಲ್ಲಿ ಎದುರಾದರೆ ಇವನು ಕೊಡೆಯನ್ನು ಓರೆ ಮಾಡಿ ಹೋಗುತ್ತಿದ್ದ. ಅವನೂ ಹಾಗೆಯೇ ಹೋಗುತ್ತಿದ್ದ. ಅವನಿಗೇನು ಬಂದಿದೆ ಧಾಡಿ, ಮುನಿಸಿಕೊಳ್ಳಬೇಕಾದವನು ನಾನಲ್ಲವೇ ಎಂದು ಗಾಣಿಗನಿಗೆ ಇನ್ನಷ್ಟು ಉರಿಯುತ್ತಿತ್ತು.

ಮಳೆ ನಿಂತಿತು. ಅಮಾವಾಸ್ಯೆ ಬಂತು. ವಾಡಿಕೆ ತಪ್ಪಿಸಿದವನು ನಾನು ಎಂಬ ಮಾತು ಬರಬಾರದೆಂದು ಗಾಣಿಗ ಗಾಳ ಹಿಡಿದು ಹೊರಟ. ಹೊರಡುವಾಗ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದ. ಸಂಜೆಯೊಳಗೆ ಅವನು ಬಾಯಿ ಬಿಟ್ಟನೋ ಸರಿ, ಇಲ್ಲದಿದ್ದರೆ ಇವತ್ತಿಗೆ ಈ ಸ್ನೇಹಕ್ಕೆ ಎಳ್ಳುನೀರು.

ಧಕ್ಕೆಯ ತುದಿಯಲ್ಲಿ ಬಡಗಿ ಆಗಲೇ ಕುಳಿತಿದ್ದ. ದಕ್ಷಿಣದ ಅಂಚಿನಲ್ಲಿ ಕಾಲು ಇಳಿಬಿಟ್ಟು ನೀರು ನೋಡುತ್ತಿದ್ದ. ಹೆಜ್ಜೆಯ ಸದ್ದು ಕೇಳಿಯೂ ತಿರುಗಲಿಲ್ಲ. ಗಾಣಿಗ ಹೋಗಿ ಉತ್ತರದ ಅಂಚಿನಲ್ಲಿ ಕುಳಿತ. ಇಬ್ಬರ ಬೆನ್ನುಗಳ ನಡುವೆ ಒಂದು ಬುಟ್ಟಿ ಇಡುವಷ್ಟು ಜಾಗವಿತ್ತು. ಸಿಗಡಿ ಚುಚ್ಚಿ ಇಬ್ಬರೂ ಗಾಳ ಬಿಟ್ಟರು. ಕಚ್ಚುವ ಮೀನೂ ಇಲ್ಲ, ಆಡುವ ಮಾತೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ಅವನು ತನ್ನ ಬುತ್ತಿ ಬಿಚ್ಚಿ ಉಂಡ, ಇವನು ತನ್ನ ಬುತ್ತಿ ಬಿಚ್ಚಿ ಉಂಡ. ಹಿಂದೆಲ್ಲ ಬಡಗಿಯ ಬುತ್ತಿಯ ಚಟ್ನಿಯನ್ನು ಗಾಣಿಗ ಕೇಳದೆಯೇ ಬಾಚಿಕೊಳ್ಳುತ್ತಿದ್ದ. ಅವತ್ತು ಅದರ ವಾಸನೆ ಮಾತ್ರ ಮೂಗಿಗೆ ಬಂತು.

ಹೊತ್ತು ಇಳಿಯಿತು. ಇನ್ನೇನು ದಾರ ಸುತ್ತಿ ಏಳಬೇಕು, ಎಲ್ಲ ಮುಗಿಯಿತು ಎಂದುಕೊಳ್ಳುವಾಗ ಗಾಣಿಗನ ದಾರ ಬಿಗಿಯಿತು. ಎಳೆದು ನೋಡಿದ. ಅತ್ತಲಿಂದಲೂ ಎಳೆಯಿತು. ಸಣ್ಣ ಪುಟ್ಟ ಎಳೆತವಲ್ಲ. ಬಲವಾಗಿ ಎಳೆದರೆ ಅದೂ ಬಲವಾಗಿ ಎಳೆಯುತ್ತಿತ್ತು. ಜನ್ಮದಲ್ಲಿ ಇಂಥ ಮೀನು ಅವನ ಗಾಳಕ್ಕೆ ಬಿದ್ದಿರಲಿಲ್ಲ. ಅವನು ಎದ್ದು ನಿಂತು ದಾರವನ್ನು ಅಂಗೈಗೆ ಸುತ್ತಿಕೊಂಡ. ದೊಡ್ಡ ಮೀನು ಬಿದ್ದರೆ ಪಕ್ಕದವನನ್ನು ಕೂಗಬೇಕು, ಪಕ್ಕದವನು ತನ್ನ ಗಾಳ ಬಿಟ್ಟು ಕೈ ಕೊಡಬೇಕು. ಧಕ್ಕೆಯಲ್ಲಿ ಜಗಳವಾಡಿದವರೂ ಮೀರದ ಪದ್ಧತಿ ಅದು. ಆದರೆ ಗಾಣಿಗ ಕೂಗಲಿಲ್ಲ. ಸತ್ತರೂ ಕೂಗುವುದಿಲ್ಲ ಎಂದುಕೊಂಡ. ಈ ಮೀನನ್ನು ಒಬ್ಬನೇ ಎತ್ತಿ, ಅವನ ಕಣ್ಣೆದುರೇ ಹೊತ್ತುಕೊಂಡು ಮನೆಗೆ ಹೋಗುತ್ತೇನೆ ಎಂದು ಹಲ್ಲು ಕಚ್ಚಿ ಎಳೆದ. ದಾರ ಅಂಗೈಯನ್ನು ಕೊಯ್ದು ರಕ್ತ ಬಂತು. ತೋಳು ಸೋತಿತು. ಕೊನೆಗೆ ಹಟ ಮರೆತುಹೋಗಿ ಬಾಯಿಗೆ ಹಳೆಯ ಅಭ್ಯಾಸವೇ ಬಂತು.

"ಮಾರಾಯಾ, ಒಂದು ಕೈ ಹಾಕು, ಬೇಗ ಬಾ!"

"ನಾ ಎಲ್ಲಿಗೆ ಬರ್ಲಿ ಮಾರಾಯಾ, ನನ್ನ ಕೈಯೇ ಕಿತ್ತು ಬರ್ತಾ ಉಂಟು, ನೀನೇ ಇತ್ಲಾಗಿ ಬಾ!" ಎಂದು ಬೆನ್ನ ಹಿಂದಿನಿಂದ ಬಡಗಿ ಕೂಗಿದ.

ಗಾಣಿಗ ಗಾಬರಿಯಿಂದ ತಿರುಗಿದ. ತಿರುಗುವಾಗ ಅವನ ಕೈಯ ದಾರ ಸಡಿಲವಾಯಿತು. ಬಡಗಿ ದೊಪ್ಪನೆ ಕುಂಡೆಯ ಮೇಲೆ ಬಿದ್ದ. "ಅಯ್ಯೋ, ತಪ್ಪಿಸ್ಕೊಂಡು ಹೋಯ್ತು!" ಎಂದು ತಲೆ ಚಚ್ಚಿಕೊಂಡ. ಗಾಣಿಗ ತನ್ನ ದಾರವನ್ನು ಮತ್ತೆ ಬಿಗಿ ಹಿಡಿದ. "ಇಲ್ಲ, ಉಂಟು, ಉಂಟು!" ಎಂದು ಬಡಗಿ ಎದ್ದು ನಿಂತ. ಗಾಣಿಗ ಹಲಗೆಯ ಸಂದಿಯಿಂದ ಕೆಳಗೆ ನೋಡಿದ. ನೀರಿನ ಸೆಳೆತ ಅವನ ದಾರವನ್ನು ಕಂಬಗಳ ನಡುವೆ ನುಗ್ಗಿಸಿ ಆಚೆ ಬದಿಗೆ ಒಯ್ದಿತ್ತು. ಅವನು ಮೆಲ್ಲಗೆ ಒಂದು ಸಲ ಜಗ್ಗಿದ. ಬಡಗಿಯ ಕೈ ಜಗ್ಗಿತು. ಇನ್ನೊಂದು ಸಲ ಜಗ್ಗಿದ. ಬಡಗಿಯ ಕೈ ಮತ್ತೆ ಜಗ್ಗಿತು.

ಗಾಣಿಗನಿಗೆ ನಗು ತಡೆಯಲಾಗಲಿಲ್ಲ. ಬಡಗಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವನೂ ಸಂದಿಯಲ್ಲಿ ಇಣುಕಿ ನೋಡಿದ, ಆಮೇಲೆ ಅವನೂ ನಕ್ಕ. ಒಂದೇ ಅಂಚಿನಲ್ಲಿ ಕುಳಿತಿದ್ದರೆ ಇಂಥದ್ದು ಆಗುತ್ತಲೇ ಇರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಹಲಗೆಯ ಮೇಲೆ ಕುಳಿತುಬಿಟ್ಟರು. ನಗು ನಿಂತ ಮೇಲೆ ಗಾಣಿಗನ ಕಣ್ಣಲ್ಲಿ ನೀರಿತ್ತು. ಅದು ಬರೀ ನಗುವಿನದಾಗಿರಲಿಲ್ಲ.

"ಮದುವೆಗೆ ಯಾಕೆ ಬರ್ಲಿಲ್ಲ ನೀನು?" ಎಂದು ಕೇಳಿದ.

"ನೀ ಕರ್ದಿದ್ಯಾ?" ಎಂದ ಬಡಗಿ. "ಊರಿಗೆಲ್ಲ ಮನೆಮನೆಗೆ ಹೋಗಿ ಅಕ್ಷತೆ ಕೊಟ್ಟೆ. ನನ್ನ ಮನೆ ಎದುರೇ ಹೋದೆ, ಒಳಗೆ ಬರ್ಲಿಲ್ಲ. ಆದ್ರೂ ನಾನು ಹೊಸ ಪಂಚೆ ಉಟ್ಕೊಂಡು ಜಗಲಿ ಮೇಲೆ ಕೂತಿದ್ದೆ. ಊಟದ ಹೊತ್ತಿಗಾದ್ರೂ ಯಾರನ್ನಾದ್ರೂ ಕಳಿಸ್ತಿ ಅಂತ ಕಾದೆ."

ಗಾಣಿಗ ದಂಗಾದ. "ನಿನ್ನನ್ನು ಕರೆಯೋದಾ? ಮನೆಯವ್ರನ್ನ ಯಾರಾದ್ರೂ ಕರೀತಾರಾ ಮಾರಾಯಾ? ಅಕ್ಷತೆ ಕೊಟ್ರೆ ನೀನು ಹೊರಗಿನವ ಆಗ್ತಿ ಅಂತ ನಾ ಒಳಗೆ ಬರ್ಲಿಲ್ಲ. ಪಂಕ್ತಿಯಲ್ಲಿ ನನ್ನ ಪಕ್ಕ ನಿನ್ನ ಎಲೆ ಹಾಕ್ಸಿದ್ದೆ. ಊಟ ಮುಗಿಯೋವರೆಗೆ ಆ ಎಲೆಗೆ ಬೇರೆ ಯಾರನ್ನೂ ಕೂರಿಸ್ಲಿಲ್ಲ."

ಬಡಗಿ ತನ್ನ ಹೆಗಲ ಬಟ್ಟೆಯ ಅಂಚು ಹರಿದು ಗಾಣಿಗನ ಅಂಗೈಗೆ ಕಟ್ಟಿದ. ಗಾಣಿಗನಿಗೆ ಎದೆಯ ಮೇಲಿದ್ದ ಚಪ್ಪಡಿ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಅವನು ನನ್ನನ್ನು ಮರೆತಿರಲಿಲ್ಲ, ಹೊಸ ಪಂಚೆ ಉಟ್ಟು ಕಾದಿದ್ದ, ಅಷ್ಟು ಸಾಕು ಎಂದುಕೊಂಡ. ಇಬ್ಬರೂ ಒಂದೇ ಅಂಚಿಗೆ ಬಂದು, ಭುಜಕ್ಕೆ ಭುಜ ತಾಗಿಸಿ ಕುಳಿತು, ಸಿಕ್ಕುಬಿದ್ದ ದಾರ ಬಿಡಿಸತೊಡಗಿದರು. ಉಳಿದ ಚಟ್ನಿ ಗಾಣಿಗನ ಪಾಲಾಯಿತು. ಅವತ್ತು ಮನೆಗೆ ಒಂದು ಬಂಗುಡೆಯೂ ಬರಲಿಲ್ಲ.

ದಾರಿ ಅಗಲುವ ಕಡೆ ಗಾಣಿಗ ಗಾಳ ಕೆಳಗಿಟ್ಟು, ಬಟ್ಟೆ ಸುತ್ತಿದ ಕೈಯನ್ನೂ ಸೇರಿಸಿ ಎರಡೂ ಕೈ ಮುಗಿದ. "ದೀಪಾವಳಿಗೆ ಮಗಳು ಅಳಿಯ ಬರ್ತಾರೆ. ನೀನೂ ನಿನ್ನ ಹೆಂಡತಿಯೂ ಮಕ್ಕಳೂ ತಪ್ಪದೆ ಬರ್ಬೇಕು" ಎಂದು ಊರವರನ್ನು ಕರೆದ ಹಾಗೆಯೇ ಕರೆದ.

"ಮನೆಯವ್ರನ್ನ ಯಾರಾದ್ರೂ ಕರೀತಾರಾ?" ಎಂದು ಬಡಗಿ ನಕ್ಕ. ನಕ್ಕರೂ, ಮೊದಲು ಕೈ ಮುಗಿದು ಆ ಕರೆಯನ್ನು ಒಪ್ಪಿಕೊಂಡಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖದಲ್ಲೂ ನಗುವಿತ್ತು. ಅವನು ಅಂಥ ಮುಖ ಹೊತ್ತು ತಿರುಗಾಡಿ ದಿನಗಳಾಗಿದ್ದವು. ಆದರೂ ಅವನ ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ಆ ಇಬ್ಬರಲ್ಲಿ ಏನೂ ತಪ್ಪು ಮಾಡದವನು ಯಾರು ಎಂದು ನೀವು ಹೇಳಲೇ ಇಲ್ಲ" ಎಂದ.

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿ ಹೇಳಿದರು:

"ಅದು ನನಗೂ ತಿಳಿಯದು ಮಗು, ನಿನ್ನೆ ಪಂಚಾಕ್ಷರಿ ಬಂದು ಇದೇ ಪ್ರಶ್ನೆ ಕೇಳಿದಾಗ, ಏನೂ ತಪ್ಪು ಮಾಡದವನು ತಾನೇ ಎಂದು ಅವನೂ ನಂಬಿದ್ದ."