ಎರಡು ಹೊಂಡಗಳ ಹಸಿರು

ನದಿ ಬತ್ತಿ, ಅಲ್ಲಲ್ಲಿ ಹೊಂಡಗಳಷ್ಟೇ ಉಳಿದಿದ್ದ ಬೇಸಿಗೆ. ಎಮ್ಮೆ ಸಾಕುವ ಸಾತವ್ವ ಅಳುತ್ತ ದಡದ ಆಶ್ರಮಕ್ಕೆ ಬಂದಳು.

"ಹೊಂಡದ ನೀರು ಕುಡಸಬೌದು ಅಂತ ನೀವಽ ಹೇಳಿದ್ರಲ್ಲರೀ ಸ್ವಾಮ್ಯಾರ! ನನ್ನ ಕರ ಅಲ್ಲೇ ಕಾಲು ಸೆಟಿಸಿ ಸತ್ತುಹೋತು."

ಅವಳು ಹಾಗೆಂದದ್ದು ಶಿಷ್ಯ ಪಿಂಗಳನಿಗೆ. ಹಿಂದಿನ ದಿನ ಹೊಂಡದತ್ತ ಕಣ್ಣು ಹಾಯಿಸಿ, "ಬರೀ ಹಸಿರು ಪಾಚಿ, ಭಯವಿಲ್ಲ" ಎಂದಿದ್ದವನು ಅವನೇ.

ಗುರು ಭದ್ರದೇವರು ಬೈಯಲಿಲ್ಲ.

"ಪಾಚಿಗಳ ಬಗ್ಗೆ ನಿನಗೇನು ಗೊತ್ತು, ಹೇಳು."

ಪಿಂಗಳ ತೊದಲುತ್ತ ಒಪ್ಪಿಸಿದ. "ಹಸಿರು ಪಾಚಿ ಕೆರೆಕುಂಟೆಗಳಲ್ಲಿ ಹೆಚ್ಚು, ಗಿಡಮರಗಳಿಗೆ ಹತ್ತಿರದ ನೆಂಟ. ಕಂದು ಪಾಚಿ ಕಡಲಿನದು. ಬೇರಿಲ್ಲದಿದ್ದರೂ ಬಂಡೆಯನ್ನು ಕಚ್ಚಿ ಹಿಡಿಯುತ್ತದೆ, ಮರದುದ್ದ ಬೆಳೆಯುವುದೂ ಉಂಟು. ಕೆಂಪು ಪಾಚಿ ಬೆಳಕು ಕುಂದುವ ಆಳದಲ್ಲೂ ಬದುಕುತ್ತದೆ. ಕಲ್ಲಿನ ಮೇಲೆ ಕಾಲು ಜಾರಿಸುವ ಕಂದು ಲೋಳೆಯಲ್ಲಿ, ಗಾಜಿನಂಥ ಚಿಪ್ಪು ತೊಟ್ಟ ಕಣ್ಣಿಗೆ ಕಾಣದ ಪಾಚಿಗಳಿರುತ್ತವೆ…"

"ಎಲ್ಲವನ್ನೂ ನೀನು ಬಣ್ಣದಿಂದಲೇ ಗುರುತಿಸಿದೆ."

"ಹೌದು ಗುರುಗಳೇ."

"ಬಾ."

ನದಿಯ ಪಾತ್ರದಲ್ಲಿ ಅಕ್ಕಪಕ್ಕ ಎರಡು ಹೊಂಡಗಳು. ಎರಡೂ ಹಸಿರು. ಪಿಂಗಳ ಬಗ್ಗಿ ನೋಡಿದ, ಕಣ್ಣುಜ್ಜಿ ಮತ್ತೆ ನೋಡಿದ. ಒಂದಕ್ಕೊಂದು ವ್ಯತ್ಯಾಸವೇ ಕಾಣಲಿಲ್ಲ.

ಗುರುಗಳು ಒಂದು ಕೋಲು ಕೊಟ್ಟರು. "ಅದ್ದಿ ಎತ್ತು."

ಮೊದಲ ಹೊಂಡದಿಂದ ಕೋಲಿಗೆ ಉದ್ದನೆಯ ಎಳೆಗಳು ಜೋತುಬಿದ್ದು ಬಂದವು, ಒದ್ದೆ ಕೂದಲಿನ ಹಾಗೆ. ಎರಡನೆಯದರಲ್ಲಿ ಎಳೆಯೇ ಸಿಗಲಿಲ್ಲ. ಯಾರೋ ಬಣ್ಣ ಬಳಿದ ಹಾಗೆ ಕೋಲೆಲ್ಲ ಹಸಿರಾಯಿತು. ಕೊಳೆತ ವಾಸನೆ ಬೇರೆ.

"ಮೊದಲಿನದು ಹಸಿರು ಪಾಚಿ. ಇದು ನೀಲಿ-ಹಸಿರು," ಎಂದರು ಗುರುಗಳು. "ನಾವು ಇದನ್ನೂ ಪಾಚಿ ಅನ್ನುತ್ತೇವೆ. ಆದರೆ ಇದರ ಕುಲವೇ ಬೇರೆ. ಮಿಕ್ಕ ಪಾಚಿಗಳ ಜೀವಕೋಶದಲ್ಲಿ ಇರುವ ಕೇಂದ್ರ ಇದಕ್ಕಿಲ್ಲ. ಒಮ್ಮೊಮ್ಮೆ ವಿಷ ಕಾರುತ್ತದೆ."

"ಹಾಗಾದರೆ ಇದು ದುಷ್ಟ!" ಪಿಂಗಳನಿಗೆ ಹಿಡಿದುಕೊಳ್ಳಲು ಒಂದು ಮಾತಾದರೂ ಸಿಕ್ಕಿತ್ತು.

"ಉಸಿರು ಎಳೆದುಕೋ."

ಎಳೆದುಕೊಂಡ.

"ಗಾಳಿಯಲ್ಲಿ ಪ್ರಾಣವಾಯುವೇ ಇಲ್ಲದ ಕಾಲವೊಂದಿತ್ತು. ಅದನ್ನು ಮೊದಲು ತುಂಬಿದ್ದು ಇದರ ಪೂರ್ವಜರು."

ಪಿಂಗಳನ ತಲೆ ಗಿರ್ರೆಂದಿತು. ಆ ಕರುವಿಗೆ ಉಸಿರು ಕೊಟ್ಟದ್ದೂ ಇದರ ಕುಲವೇ, ಉಸಿರು ಕಿತ್ತುಕೊಂಡದ್ದೂ ಇದೇ.

"ನಿನ್ನೆ ನನಗೆಲ್ಲ ಗೊತ್ತಿತ್ತು ಗುರುಗಳೇ. ಈಗ ಏನೂ ತಿಳಿಯುತ್ತಿಲ್ಲ. ಇದಕ್ಕೆ ಕೈಮುಗಿಯಲೋ, ಹೆದರಲೋ?"

ದಿಬ್ಬದಾಚೆ ಗೊರಸಿನ ಸದ್ದು ಕೇಳಿಸಿತು. ಹಗ್ಗ ಕಿತ್ತುಕೊಂಡು ಬಂದ ಸಾತವ್ವನ ಎಮ್ಮೆಗಳು ಬಾಯಾರಿ, ನೇರ ಎರಡನೆಯ ಹೊಂಡದತ್ತ ಇಳಿಯುತ್ತಿದ್ದವು. ಅವುಗಳ ಹಿಂದೆ, ಬಹಳ ದೂರದಲ್ಲಿ, ಅವಳು ಕೂಗುತ್ತ ಓಡಿ ಬರುತ್ತಿದ್ದಳು.

ಪಿಂಗಳ ಕೋಲು ಹಿಡಿದು ಗುರುಗಳ ಮುಖವನ್ನೇ ನೋಡುತ್ತ ನಿಂತಿದ್ದ.

"ಹೇಳಿ ಗುರುಗಳೇ, ಏನು ಮಾಡಲಿ?"

"ಎಮ್ಮೆ ತಿರುಗಿಸು."