ಉಗ್ಗಿನ ಹುಡುಗಿ ವಿಮಾನ ಕಲಿತದ್ದು

“ಗುರುಗಳೇ, ನನ್ನೊಳಗಿನ ಅಂಜಿಕೆ ಇನ್ನೂ ಹೋಗಿಲ್ಲ. ಅದು ಹೋದ ಮೇಲೆ ದೀಕ್ಷೆ ತೆಗೆದುಕೊಂಡರೆ ಆಗದೇ?” ಎಂದು ಶಿಷ್ಯ ಕೇಳಿದ. ಮರುದಿನ ಅವನಿಗೆ ದೀಕ್ಷೆಯಾಗಬೇಕಿತ್ತು.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಬಟ್ಟೆ ವ್ಯಾಪಾರಿಯೊಬ್ಬನಿಗೆ ಪದ್ಮಲತೆ ಎಂಬ ಮಗಳಿದ್ದಳು. ಮಾತು ಕಲಿತಾಗಿನಿಂದ ಅವಳಿಗೆ ಉಗ್ಗು. ಅದರಲ್ಲೂ ‘ಪ’ ಎಂಬ ಅಕ್ಷರ ತುಟಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅವಳು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಪಪ್ಪಾಯಿ ಬೇಕಿದ್ದರೆ ಸೀಬೆ ಕೇಳಿ ತರುತ್ತಿದ್ದಳು. ಯಾರಾದರೂ ಹೆಸರು ಕೇಳಿದರೆ ಲತಾ ಎನ್ನುತ್ತಿದ್ದಳು. ಅಷ್ಟರ ಮೇಲೂ ಮಾತು ನಿಂತರೆ, ಎದುರಿಗಿದ್ದವರು ತಾವೇ ಅದನ್ನು ಪೂರೈಸಿ ಕೊಡುತ್ತಿದ್ದರು. ಎಷ್ಟೋ ಸಲ ಅವರು ಪೂರೈಸಿದ್ದು ಅವಳು ಹೇಳಬೇಕೆಂದಿದ್ದ ಮಾತಾಗಿರುತ್ತಿರಲಿಲ್ಲ. ಆದರೂ ಅವಳು ಹೌದೆಂದು ತಲೆಯಾಡಿಸುತ್ತಿದ್ದಳು.

ಅವಳಿಗೆ ಹಾರುವ ಕನಸು ಬೀಳುತ್ತಿತ್ತು. ಕನಸಿನಲ್ಲಿ ಅವಳ ಕೆಳಗೆ ಊರುಗಳು ನಿಧಾನವಾಗಿ ಜಾರಿಹೋಗುತ್ತಿದ್ದವು. ಅಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ದೊಡ್ಡವಳಾದ ಮೇಲೂ ಆ ಕನಸು ಬಿಡಲಿಲ್ಲ. ಅಪ್ಪನನ್ನು ಕಾಡಿ ಬೇಡಿ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಗೆ ಸೇರಿಕೊಂಡಳು.

ಆಕಾಶದಲ್ಲಿಯೂ ಮಾತಾಡಬೇಕು ಎಂಬುದು ಅಲ್ಲಿಗೆ ಹೋದ ಮೇಲೆ ಅವಳಿಗೆ ತಿಳಿಯಿತು. ಹಾರುವವರು ಎಲ್ಲಿದ್ದೇವೆ, ಏನು ಮಾಡಲಿದ್ದೇವೆ ಎಂದು ಏರಲು ಇಳಿಯಲು ಅಪ್ಪಣೆ ಕೊಡುವ ಕೆಳಗಿನ ಟವರಿಗೆ ರೇಡಿಯೋದಲ್ಲಿ ಹೇಳಬೇಕು. ಅಲ್ಲಿನ ಮಾತುಗಳು ಗೊತ್ತುಮಾಡಿದ ಮಾತುಗಳು. ಒಂದರ ಬದಲಿಗೆ ಇನ್ನೊಂದನ್ನು ಹೇಳುವಂತಿಲ್ಲ. ಪ್ರತಿ ಸಲವೂ ಮೊದಲು ವಿಮಾನದ ಗುರುತಾದ ಕರೆಹೆಸರು ಹೇಳಬೇಕು; ಅವಳ ಪಾಲಿಗೆ ಬಂದ ವಿಮಾನದ್ದು ‘ಪಾಪಾ’ ಎಂದು ಶುರುವಾಗುತ್ತಿತ್ತು. ಜನ ಅವಳನ್ನು ಕಂಡು ‘ಪಾಪ’ ಎಂದು ಆಡುತ್ತಿದ್ದ ಮಾತನ್ನೇ ಅವಳು ಈಗ ದಿನವೂ ಆಕಾಶಕ್ಕೆ ಹೇಳಬೇಕಾಯಿತು.

ವಾಯುಪಡೆಯಿಂದ ನಿವೃತ್ತರಾಗಿದ್ದ ಉತ್ತಯ್ಯ ಎಂಬುವರು ಅವಳಿಗೆ ಕಲಿಸುತ್ತಿದ್ದರು. ಅವಳ ಮಾತು ನಿಂತಾಗ ಅವರು ಪೂರೈಸುತ್ತಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದರು. ಒಂದು ದಿನ ಅವಳು ಕೇಳಿದಳು: “ಸರ್, ನನ್ನ ಮಾತು ಸರಿಹೋಗುವವರೆಗೆ ಕಲಿಯುವುದನ್ನು ನಿಲ್ಲಿಸಲಾ?”

“ನೋಡಮ್ಮ, ವಿಮಾನಕ್ಕೆ ಕಿವಿಯಿಲ್ಲ. ಅದಕ್ಕೆ ಗೊತ್ತಿರುವುದು ನಿನ್ನ ಕೈ ಒಂದೇ” ಎಂದರು ಉತ್ತಯ್ಯ. “ಮೊದಲು ಹಾರಿಸು. ಮಾತು ಆಮೇಲೆ.”

ಅವಳು ಅದನ್ನು ಸಮಾಧಾನದ ಮಾತೆಂದುಕೊಂಡಳು.

ಅವಳೊಬ್ಬಳೇ ಊರಾಚೆಯ ಕೆರೆಯವರೆಗೆ ಹಾರಿ ಬರಬೇಕಾದ ದಿನ ಬಂತು. ಹೊರಡುವಾಗಿನ ಮಾತನ್ನು ಹೇಗೋ ಹೇಳಿ ಮುಗಿಸಿದಳು. ನಿಂತ ವಿಮಾನದಲ್ಲಿ ಎಷ್ಟು ಹೊತ್ತು ಹಿಡಿದರೂ ಅಪಾಯವಿರಲಿಲ್ಲ. ವಿಮಾನ ನೆಲ ಬಿಟ್ಟಿತು. ಬೆಳಗಿನ ತೆಳು ಮೋಡ ರೆಕ್ಕೆಯ ಕೆಳಗೆ ಬಂತು. ಪಕ್ಕದ ಸೀಟು ಖಾಲಿಯಿತ್ತು.

ಅವಳು ಸುಮ್ಮನೆ ಬಾಯಿ ತೆರೆದು ತನ್ನ ಹೆಸರು ಹೇಳಿಕೊಂಡಳು. ಪದ್ಮಲತೆ. ಅದು ಎಲ್ಲಿಯೂ ತಡೆಯದೆ ಬಂತು. ನಂಬಿಕೆಯಾಗದೆ ಇನ್ನೊಮ್ಮೆ ಹೇಳಿದಳು. ಮತ್ತೂ ಬಂತು. ಆಗ ಅವಳಿಗೆ ಮಾತಿನ ಹುಚ್ಚು ಹಿಡಿಯಿತು. ಪಪ್ಪಾಯಿ ಎಂದಳು, ಪಾರಿವಾಳ ಎಂದಳು, ಪಲ್ಲಕ್ಕಿ ಎಂದಳು. ವರ್ಷಗಟ್ಟಲೆ ತಪ್ಪಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಒಂದರ ಹಿಂದೆ ಒಂದು ಬಂದು ಮೋಡದ ಮೇಲೆ ತೇಲಿಹೋದವು. ಕೆರೆ ಕೆಳಗೆ ಕನ್ನಡಿಯಂತೆ ಬಿದ್ದಿತ್ತು. ತನ್ನ ಉಗ್ಗು ನೆಲದ ಮೇಲೆಯೇ ಉಳಿದುಹೋಯಿತು, ಇನ್ನು ಅದು ತನ್ನದಲ್ಲ ಎಂದು ಅವಳಿಗೆ ಅನ್ನಿಸಿತು. ಅವಳ ಕಣ್ಣು ತುಂಬಿ ಬಂತು.

ಅದೇ ಸಂತೋಷದಲ್ಲಿ ವಿಮಾನ ತಿರುಗಿಸಿದಳು. ರನ್‌ವೇ ಹತ್ತಿರವಾದಾಗ, ಇಳಿಯಲು ಅಪ್ಪಣೆ ಕೇಳಬೇಕೆಂದು ರೇಡಿಯೋದ ಗುಂಡಿ ಒತ್ತಿದಳು.

ಪ ಬರಲಿಲ್ಲ.

ತುಟಿ ಬಿಗಿದುಕೊಂಡಿತು. ಒಬ್ಬರು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಉಳಿದವರಾರಿಗೂ ಮಾತಾಡಲಾಗದು. ಅವಳ ಹಿಂದೆಯೇ ಇನ್ನೊಂದು ವಿಮಾನ ಇಳಿಯಲು ಬರುತ್ತಿತ್ತು. ಎಲ್ಲರೂ ತನ್ನ ಈ ಮೌನವನ್ನೇ ಕೇಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಅವಳು ಇನ್ನಷ್ಟು ಬಲ ಹಾಕಿದಳು. ಕುತ್ತಿಗೆ ಸೆಟೆಯಿತು, ತೋಳು ಸೆಟೆಯಿತು. ತನಗೇ ತಿಳಿಯದಂತೆ ವಿಮಾನದ ಹಿಡಿಯನ್ನು ಎದೆಯತ್ತ ಎಳೆದುಕೊಂಡಿದ್ದಳು. ಮೂತಿ ಮೇಲಕ್ಕೆದ್ದಿತು. ವೇಗ ಕುಸಿಯಿತು. ಎಚ್ಚರಿಕೆಯ ಪೀಪಿ ಕೂಗತೊಡಗಿತು. ವಿಮಾನದ ಮೈ ಒಮ್ಮೆ ನಡುಗಿತು.

ಆಗ ಅವಳು ಮಾತನ್ನು ಬಿಟ್ಟಳು. ಗುಂಡಿಯಿಂದ ಬೆರಳು ತೆಗೆದಳು. ಹಿಡಿಯನ್ನು ಮುಂದಕ್ಕೆ ಒತ್ತಿ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟಳು. ಮೂತಿ ಕೆಳಗಿಳಿಯಿತು, ಪೀಪಿ ನಿಂತಿತು, ರೆಕ್ಕೆಯ ಕೆಳಗೆ ಗಾಳಿ ಮತ್ತೆ ಗಟ್ಟಿಯಾಯಿತು. ಹಿಂದಿನ ವಿಮಾನಕ್ಕೆ ದಾರಿ ಬಿಟ್ಟು ಅವಳು ಮೇಲೇರಿ ಇನ್ನೊಂದು ಸುತ್ತು ಹೊರಟಳು. ಆ ಸುತ್ತಿನಲ್ಲಿ ಅವಳು ತನ್ನ ಹೆಸರನ್ನು ಹೇಳಿ ನೋಡಿಕೊಳ್ಳಲಿಲ್ಲ. ಎತ್ತರ ನೋಡಿದಳು, ವೇಗ ನೋಡಿದಳು, ರನ್‌ವೇ ನೋಡಿದಳು. ಹಿಡಿಯ ಮೇಲೆ ಕೈ ಸಡಿಲವಾಯಿತು. ಆಮೇಲೆ ಗುಂಡಿ ಒತ್ತಿದಳು.

ಪ ಮತ್ತೆ ಸಿಕ್ಕಿಕೊಂಡಿತು. ಈ ಸಲ ಅವಳು ಅದನ್ನು ತಳ್ಳಲು ಹೋಗಲಿಲ್ಲ. ಅದು ತುಟಿಯ ಮೇಲೆ ಇದ್ದಷ್ಟು ಹೊತ್ತು ಇರಲಿ ಎಂದು ಬಿಟ್ಟಳು. ವಿಮಾನ ಮಟ್ಟಸವಾಗಿ ಹಾರುತ್ತಿತ್ತು. “ಪ... ಪ... ಪಾಪಾ” ಎಂದು ಶುರುಮಾಡಿ, ಮುರಿದು ಮುರಿದು, ಹೇಳಬೇಕಾದಷ್ಟನ್ನೂ ಹೇಳಿದಳು. ಒಂದು ಮಾತನ್ನೂ ಬದಲಿಸಲಿಲ್ಲ.

“ಇಳಿಯಬಹುದು” ಎಂದಿತು ಟವರಿನ ದನಿ. ಎಲ್ಲರಿಗೂ ಹೇಳುವಂತೆಯೇ ಹೇಳಿತು.

ಚಕ್ರಗಳು ನೆಲ ಮುಟ್ಟಿದವು. ಬಿಸಿಲಿನಲ್ಲಿ ನಿಂತಿದ್ದ ಉತ್ತಯ್ಯ ವಿಮಾನದ ಬಳಿ ಬಂದರು. ಅವರು ಅವಳ ಮಾತಿನ ವಿಷಯ ಎತ್ತಲಿಲ್ಲ. ಇಳಿಯುವಾಗ ಗಾಳಿ ಎಡದಿಂದ ಬರುತ್ತಿತ್ತು, ವಿಮಾನವನ್ನು ಅದರತ್ತ ಇನ್ನೂ ಸ್ವಲ್ಪ ವಾಲಿಸಬೇಕಿತ್ತು ಎಂದರು. ಅಂಥ ಗೌರವ ತನಗೆ ಅದುವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

ಮುಂದೆ ಅವಳು ಪರೀಕ್ಷೆಗಳಲ್ಲಿ ಪಾಸಾದಳು. ನಡುಗಡ್ಡೆಗಳಿಗೆ ಔಷಧಿ ಒಯ್ಯುವ ಸಣ್ಣ ವಿಮಾನವೊಂದನ್ನು ಬಹಳ ಕಾಲ ಹಾರಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಅವಳ ಉಗ್ಗು ಯಾವಾಗ ಹೋಯಿತು, ಗುರುಗಳೇ?”

“ನಾನು ಹೇಳಿದ್ದು ಹಾರಲು ಕಲಿತವಳ ಕತೆ, ನೀನು ಯಾರ ಕತೆ ಕೇಳುತ್ತಿದ್ದೆ?” ಎಂದರು ಗುರುಗಳು.